ವಿಕಟಕವಿ ಪ್ಯಾಲಿಂಡ್ರೋಮ್ ಅಲ್ವಂತೆ!

ಪ್ರೋಗ್ರಾಮಿಂಗ್ ಲ್ಯಾಬಿಗೆ ಹೋದವರೆಲ್ಲ ಒಮ್ಮೆಯಾದರೂ ಬರೆದಿರುವ ಪ್ರೋಗ್ರಾಂ ಒಂದಿದೆ: ಕೊಟ್ಟ ಪದ ಪ್ಯಾಲಿಂಡ್ರೋಮ್ ಹೌದೋ ಅಲ್ಲವೋ ಹೇಳುವುದು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಪದಕ್ಕೆ ಪ್ಯಾಲಿಂಡ್ರೋಮ್ ಅಂತಾರೆ. ಪದವನ್ನು ತಿರುಗಿಸು, ಮೂಲದ ಜೊತೆ ಹೋಲಿಸು, ಎರಡೂ ಒಂದೇ ಆಗಿದ್ದರೆ ಹೌದು ಅನ್ನು. ನಾಲ್ಕೈದು ಸಾಲಿನ ಕೆಲಸ. ರೆಕಾರ್ಡ್ ಬರೆದು ಸಹಿ ಹಾಕಿಸಿಕೊಂಡ ಮೇಲೆ ಯಾರೂ ಅದರ ಕಡೆ ಮತ್ತೆ ತಿರುಗಿ ನೋಡಲ್ಲ.

ಕನ್ನಡದಲ್ಲೂ ಇಂಥ ಪದಗಳು ಬೇಕಾದಷ್ಟಿವೆ. ಗದಗ, ಕನಕ, ಜಲಜ, ನಯನ, ಕುಟುಕು, ನವಜೀವನ. ಎಲ್ಲಕ್ಕಿಂತ ಹೆಸರುವಾಸಿ ಅಂದರೆ ತೆನಾಲಿ ರಾಮಕೃಷ್ಣನ ಬಿರುದು, ವಿಕಟಕವಿ. ಚಿಕ್ಕ ಮಕ್ಕಳೂ ಬೆರಳು ಮಡಚಿ ವಿ-ಕ-ಟ-ಕ-ವಿ ಅಂತ ಎಣಿಸಿ, ಹಿಂದುಮುಂದು ಒಂದೇ ಅಂತ ಹೇಳ್ತಾರೆ.

ಈಗ ಅದೇ ಲ್ಯಾಬ್ ಪ್ರೋಗ್ರಾಮಿಗೆ ಪೈಥಾನ್‌ನಲ್ಲಿ ಈ ಪದವನ್ನು ಕೊಟ್ಟು ನೋಡಿ. 'ಅಲ್ಲ' ಅನ್ನುತ್ತೆ. ಗದಗ ಕೊಟ್ಟರೆ 'ಹೌದು' ಅನ್ನುತ್ತೆ. ಕುಟುಕು ಕೊಟ್ಟರೆ ಮತ್ತೆ 'ಅಲ್ಲ'. ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದಿದ್ದರಂತೂ ಗದಗಕ್ಕೂ 'ಅಲ್ಲ' ಎಂದೇ ಉತ್ತರ.

ಇದಕ್ಕೆ ನಾವು ಸಾಮಾನ್ಯವಾಗಿ ಹೇಳುವ ಸಮಾಧಾನ ಏನು? "ಕನ್ನಡ ಕಂಪ್ಯೂಟರಿಗೆ ಅಷ್ಟಾಗಿ ಒಗ್ಗಲ್ಲ ಬಿಡಿ." ಈ ಮಾತು ಎಷ್ಟು ಸರಿ ಎಂದು ಈ ಲೇಖನದಲ್ಲಿ ನೋಡೋಣ. ಓದಿ ಮುಗಿಸುವಷ್ಟರಲ್ಲಿ ವಿಕಟಕವಿಗೆ 'ಹೌದು' ಅನ್ನುವ ಪ್ರೋಗ್ರಾಂ ಬರೆಯಲು ಬೇಕಾದುದೆಲ್ಲ ನಿಮ್ಮ ಕೈಲಿರುತ್ತದೆ.

ಯಂತ್ರ ನೋಡುವುದು ಏನನ್ನು?

ಕಂಪ್ಯೂಟರಿಗೆ ಅಕ್ಷರದ ರೂಪ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಜಗತ್ತಿನ ಲಿಪಿಗಳಿಗೆಲ್ಲ ಹೀಗೆ ಸಂಖ್ಯೆ ಹಂಚುವ ವ್ಯವಸ್ಥೆಯೇ ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ ಸಿಕ್ಕಿರುವ ಜಾಗ 3200ರಿಂದ 3327ರವರೆಗೆ, ಒಟ್ಟು 128 ಮನೆಗಳು. ಪ್ರತಿ ಮನೆಯ ಸಂಖ್ಯೆಗೆ ಕೋಡ್‌ಪಾಯಿಂಟ್ ಎಂದು ಹೆಸರು. ಪುಸ್ತಕಗಳಲ್ಲಿ ಇವನ್ನು ಹೆಕ್ಸಾಡೆಸಿಮಲ್‌ನಲ್ಲಿ ಬರೆದಿರುತ್ತಾರೆ. ಓದಲು ಸುಲಭವಾಗಲಿ ಎಂದು ಇಲ್ಲಿ ದಶಮಾನದಲ್ಲೇ ಕೊಟ್ಟಿದ್ದೇನೆ.

ಅ ಸ್ವರದ ಸಂಖ್ಯೆ 3205. ಕ ವ್ಯಂಜನದ್ದು 3221, ಹ ವ್ಯಂಜನದ್ದು 3257. ಆದರೆ 'ಕಿ' ಎಂಬ ಅಕ್ಷರಕ್ಕೆ ಬೇರೆ ಸಂಖ್ಯೆ ಇಲ್ಲ. ಕ (3221), ಅದರ ಮುಂದೆ ಗುಡಿಸು (3263), ಎರಡು ಸೇರಿ ಕಿ. ಹಾಗೆಯೇ 'ಕ್ಷ'ಗೂ ಸ್ವಂತ ಸಂಖ್ಯೆ ಇಲ್ಲ. ಕ (3221), ಹಲಂತ (3277), ಷ (3255), ಮೂರು ಸೇರಿ ಕ್ಷ. ಹಲಂತ ಅಂದರೆ ವ್ಯಂಜನದೊಳಗಿನ ಅಕಾರವನ್ನು ತೆಗೆಯುವ ಚಿಹ್ನೆ, 'ಕ್'ನಲ್ಲಿ ಮೇಲೆ ಕಾಣುವಂಥದ್ದು. ಅದರ ಮುಂದೆ ಇನ್ನೊಂದು ವ್ಯಂಜನ ಬಂದರೆ ಫಾಂಟು ಅದನ್ನು ಒತ್ತಾಗಿ ತೋರಿಸುತ್ತದೆ.

ಇದು ನಮಗೆ ಹೊಸದೇನಲ್ಲ. ಪ್ರೈಮರಿ ಶಾಲೆಯಲ್ಲಿ ಕಾಗುಣಿತ ಕಲಿತದ್ದು ಹೀಗೇ ಅಲ್ವಾ? ಕಕ್ಕೆ ಇಳಿ ಕೊಟ್ಟರೆ ಕಾ, ಗುಡಿಸು ಕೊಟ್ಟರೆ ಕಿ, ಕೊಂಬು ಕೊಟ್ಟರೆ ಕು. ಯೂನಿಕೋಡ್ ಇಟ್ಟುಕೊಂಡಿರುವುದು ಅದೇ ಕಾಗುಣಿತವನ್ನು. ಕನ್ನಡದ ಎಲ್ಲ ಗುಣಿತಾಕ್ಷರ, ಒತ್ತಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡಲು ಹೋಗಿದ್ದರೆ ಸಾವಿರಾರು ಮನೆ ಬೇಕಾಗುತ್ತಿತ್ತು. ಕಾಗುಣಿತದ ದಾರಿ ಹಿಡಿದದ್ದರಿಂದ 128 ಮನೆಯಲ್ಲೇ ಎಲ್ಲ ಮುಗಿಯಿತು, ಇನ್ನೂ ಒಂದಷ್ಟು ಮನೆ ಖಾಲಿ ಉಳಿದಿವೆ.

ಈಗ ವಿಕಟಕವಿಯನ್ನು ಯಂತ್ರದ ಕಣ್ಣಿನಿಂದ ನೋಡೋಣ. ವ, ಗುಡಿಸು, ಕ, ಟ, ಕ, ವ, ಗುಡಿಸು.

3253, 3263, 3221, 3231, 3221, 3253, 3263

ತಿರುಗಿಸಿದರೆ:

3263, 3253, 3221, 3231, 3221, 3263, 3253

ಮೊದಲ ಸಾಲು ವ ಎಂದು ಶುರುವಾಗುತ್ತದೆ, ಎರಡನೆಯದು ಗುಡಿಸಿನಿಂದ ಶುರುವಾಗುತ್ತದೆ. ಗುಡಿಸು ತನ್ನ ವ್ಯಂಜನವನ್ನು ಬಿಟ್ಟು ಬೇರೆಯವರ ಹೆಗಲೇರಿದೆ. ಎರಡೂ ಸಾಲು ಒಂದೇ ಅಲ್ಲ, ಹಾಗಾಗಿ ಪ್ರೋಗ್ರಾಂ 'ಅಲ್ಲ' ಎಂದಿತು. ಗದಗದಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ. ಮೂರು ಬರೀ ವ್ಯಂಜನ. ಅದಕ್ಕೇ ಅದು ಪಾಸಾಯಿತು.

ಒಂದು ಪದ, ಮೂರು ಉದ್ದ

ಹಾಗಾದರೆ ಸಿ ಭಾಷೆಯಲ್ಲಿ ಗದಗ ಯಾಕೆ ಫೇಲಾಯಿತು? ಕೋಡ್‌ಪಾಯಿಂಟ್ ಅನ್ನುವುದು ಬರೀ ಸಂಖ್ಯೆ. ಅದನ್ನು ಫೈಲಿನಲ್ಲಿ ಇಡುವಾಗ ಬೈಟ್‌ಗಳಾಗಿ ಬದಲಿಸಬೇಕು. ಇವತ್ತು ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನ ಯುಟಿಎಫ್-8. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ್ದು. ಅದರ ಲೆಕ್ಕ ಹೀಗೆ: 127ರವರೆಗಿನ ಸಂಖ್ಯೆಗೆ 1 ಬೈಟ್, 2047ರವರೆಗೆ 2 ಬೈಟ್, 65535ರವರೆಗೆ 3 ಬೈಟ್, ಅದಕ್ಕೂ ಮೇಲಿನದಕ್ಕೆ 4. ಇಂಗ್ಲಿಷ್ ಅಕ್ಷರಗಳೆಲ್ಲ 127ರ ಒಳಗಿವೆ, ಹಾಗಾಗಿ ಒಂದೊಂದಕ್ಕೆ ಒಂದೊಂದೇ ಬೈಟ್. ಕನ್ನಡ 3200ರಿಂದ ಶುರು, ಹಾಗಾಗಿ ಪ್ರತಿ ಕೋಡ್‌ಪಾಯಿಂಟಿಗೂ 3 ಬೈಟ್.

ಗದಗ ಬೈಟ್ ಲೆಕ್ಕದಲ್ಲಿ ಹೀಗಿರುತ್ತದೆ:

224 178 151, 224 178 166, 224 178 151

ಸಿ ಭಾಷೆಯ ಸಾದಾ ಸ್ಟ್ರಿಂಗ್ ಬೈಟ್‌ಗಳ ಸಾಲು. ತಿರುಗಿಸಿದರೆ ಮೊದಲಿಗೆ ಬರುವುದು 151. ಮೂಲದಲ್ಲಿ ಮೊದಲಿಗಿರುವುದು 224. ಅಲ್ಲಿಗೆ ಮುಗಿಯಿತು. ಯೋಚಿಸಿ ನೋಡಿ: ಕನ್ನಡದ ಯಾವ ಪದವಾದರೂ 224ರಿಂದಲೇ ಶುರುವಾಗುತ್ತದೆ, ಯಾವ ಪದವೂ 224ರಿಂದ ಮುಗಿಯುವುದಿಲ್ಲ. ಅಂದರೆ ಬೈಟ್ ಹೋಲಿಸುವ ಪ್ರೋಗ್ರಾಮಿನ ಪ್ರಕಾರ ಕನ್ನಡದಲ್ಲಿ ಪ್ಯಾಲಿಂಡ್ರೋಮ್ ಅನ್ನುವುದೇ ಇಲ್ಲ!

ಹೀಗೆ ಒಂದೇ ಪದಕ್ಕೆ ಮೂರು ಉದ್ದ ಬಂತು. ಬೈಟ್ ಲೆಕ್ಕ, ಕೋಡ್‌ಪಾಯಿಂಟ್ ಲೆಕ್ಕ, ನಾವು ಬೆರಳು ಮಡಚಿ ಎಣಿಸುವ ಅಕ್ಷರದ ಲೆಕ್ಕ.

ಗದಗ: 9 ಬೈಟ್, 3 ಕೋಡ್‌ಪಾಯಿಂಟ್, 3 ಅಕ್ಷರ.
ಕನ್ನಡ: 15 ಬೈಟ್, 5 ಕೋಡ್‌ಪಾಯಿಂಟ್, 3 ಅಕ್ಷರ.
ವಿಕಟಕವಿ: 21 ಬೈಟ್, 7 ಕೋಡ್‌ಪಾಯಿಂಟ್, 5 ಅಕ್ಷರ.
ರಾಷ್ಟ್ರ: 21 ಬೈಟ್, 7 ಕೋಡ್‌ಪಾಯಿಂಟ್, 2 ಅಕ್ಷರ.
ಸ್ತ್ರೀ: 18 ಬೈಟ್, 6 ಕೋಡ್‌ಪಾಯಿಂಟ್, 1 ಅಕ್ಷರ.

ಸಿಯಲ್ಲಿ ಸ್ಟ್ರಿಂಗಿನ ಉದ್ದ ಕೇಳಿದರೆ ಸಿಗುವುದು ಮೊದಲನೆಯ ಸಂಖ್ಯೆ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್‌ನಲ್ಲಿ ಈ ಪದಗಳಿಗೆ ಸಿಗುವುದು ಎರಡನೆಯದು. ಮೂರನೆಯದು, ಅಂದರೆ ಕನ್ನಡ ಓದುವವರು ಎಣಿಸುವ ಉದ್ದ, ಇವುಗಳಲ್ಲಿ ಯಾವುದರಿಂದಲೂ ನೇರವಾಗಿ ಸಿಗಲ್ಲ. ಇಂಗ್ಲಿಷಿನಲ್ಲಿ ಮೂರೂ ಒಂದೇ ಸಂಖ್ಯೆ. ಹಾಗಾಗಿ ಇಂಗ್ಲಿಷಿನಲ್ಲಷ್ಟೇ ಟೆಸ್ಟ್ ಮಾಡಿದವರಿಗೆ ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ ಅನ್ನುವುದೇ ಗೊತ್ತಾಗುವುದಿಲ್ಲ.

ಸ್ವಲ್ಪ ಇತಿಹಾಸ

ಈ ಸಂಖ್ಯೆಗಳು ಸುಮ್ಮನೆ ಬಂದವಲ್ಲ. ಯೂನಿಕೋಡ್‌ಗಿಂತ ಮೊದಲೇ ಭಾರತದಲ್ಲಿ ಇಸ್ಕಿ ಎಂಬ ಸಂಕೇತ ವ್ಯವಸ್ಥೆ ಇತ್ತು. ಭಾರತೀಯ ಲಿಪಿಗಳ ರೂಪ ಬೇರೆ ಬೇರೆಯಾದರೂ ವರ್ಣಮಾಲೆಯ ಕ್ರಮ ಒಂದೇ ಎಂಬ ತಿಳಿವಳಿಕೆ ಅದರ ತಳಹದಿ. ಯೂನಿಕೋಡ್ ತನ್ನ ಮೊದಲ ಆವೃತ್ತಿಯಲ್ಲೇ (1991) ಭಾರತೀಯ ಲಿಪಿಗಳಿಗೆ 1988ರ ಇಸ್ಕಿಯ ಜೋಡಣೆಯನ್ನೇ ತೆಗೆದುಕೊಂಡಿತು. ಅದರ ಗುರುತು ಇವತ್ತೂ ಕಾಣುತ್ತದೆ. ತೆಲುಗಿನ ಕ 3093, ಕನ್ನಡದ ಕ 3221, ಮಲಯಾಳದ ಕ 3349. ನಡುವಿನ ಅಂತರ ಸರಿಯಾಗಿ 128. ತೆಲುಗು ಪದವೊಂದರ ಪ್ರತಿ ಸಂಖ್ಯೆಗೂ 128 ಕೂಡಿಸಿದರೆ ಬಹುಮಟ್ಟಿಗೆ ಅದೇ ಪದ ಕನ್ನಡ ಲಿಪಿಯಲ್ಲಿ ಬಂದುಬಿಡುತ್ತದೆ. ಐದೇ ನಿಮಿಷದಲ್ಲಿ ಬರೆಯಬಹುದಾದ ಲಿಪ್ಯಂತರ ಪ್ರೋಗ್ರಾಂ!

ಇದೇ ಜೋಡಣೆಯಿಂದ ಇನ್ನೊಂದು ಲಾಭವೂ ಇದೆ. ಅನುಸ್ವಾರ 3202, ವ್ಯಂಜನಗಳು 3221ರಿಂದ, ಗುಣಿತ ಚಿಹ್ನೆಗಳು 3262ರಿಂದ, ಹಲಂತ 3277. ಹಾಗಾಗಿ ಬರೀ ಸಂಖ್ಯೆ ನೋಡಿ ಸಾರ್ಟ್ ಮಾಡಿದರೂ ಅಂಗಡಿ, ಅಕ್ಕ ಅಂತ ಬರುತ್ತದೆ. ಕಮಲ, ಕಾಗೆ, ಕ್ಷಮೆ ಅಂತ ಬರುತ್ತದೆ. ನಿಘಂಟಿನ ಕ್ರಮವೂ ಅದೇ.

ಕೀಬೋರ್ಡಿನದ್ದೂ ಇದೇ ಕಥೆ. ಇವತ್ತು 'ನುಡಿ' ಕೀಲಿಮಣೆ ಎಂದು ನಾವು ಕರೆಯುವ ವಿನ್ಯಾಸದ ಮೂಲ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರದ್ದು. ಅದರಲ್ಲಿ ಎಫ್ ಕೀ ಹಲಂತ. ಕ್ಷ ಬೇಕಾದರೆ ಕೆ, ಎಫ್, ಎಕ್ಸ್ ಎಂದು ಮೂರು ಕೀ ಒತ್ತುತ್ತೇವೆ. ಯೂನಿಕೋಡ್‌ನಲ್ಲೂ ಮೂರೇ ಸಂಖ್ಯೆ. ಸಾವಿರಾರು ಆಕಾರಗಳಿರುವ ಲಿಪಿಯನ್ನು ಇಂಗ್ಲಿಷಿನ 26 ಕೀಗಳಲ್ಲಿ ಕೂರಿಸಲು ಸಾಧ್ಯವಾದದ್ದು ಯಾವುದೋ ಹೊಸ ಯಂತ್ರದಿಂದಲ್ಲ, ಕಾಗುಣಿತವನ್ನು ಸರಿಯಾಗಿ ಅರ್ಥ ಮಾಡಿಕೊಂಡದ್ದರಿಂದ.

ನಡುವೆ ಇನ್ನೊಂದು ಕಾಲವೂ ಇತ್ತು. ಸಾಮಾನ್ಯ ಕಂಪ್ಯೂಟರುಗಳು ಕನ್ನಡ ಯೂನಿಕೋಡನ್ನು ಸರಿಯಾಗಿ ತೋರಿಸದಿದ್ದಾಗ, ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು ಬಂದವು. ಅಂಥ ಫೈಲಿನಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಗಳ ಮೂಲಕ ಲಕ್ಷಾಂತರ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವಂತಾದದ್ದು ದೊಡ್ಡ ಕೆಲಸ. ಆ ಕಾಲಕ್ಕೆ ಅದೇ ದಾರಿ ಇದ್ದದ್ದು. ಆಮೇಲೆ ಈ ತಂತ್ರಾಂಶಗಳೂ ಯೂನಿಕೋಡಿಗೆ ಬಂದವು. ಆದರೆ ಹಳೆಯ ಫಾಂಟಿನಲ್ಲಿ ಬರೆದ ಫೈಲುಗಳು ಈಗಲೂ ಕಚೇರಿಗಳಲ್ಲಿ, ಪ್ರೆಸ್ಸುಗಳಲ್ಲಿ, ನಮ್ಮಂಥ ಕಾಲೇಜುಗಳ ಸ್ಮರಣ ಸಂಚಿಕೆಗಳ ಸಿಡಿಗಳಲ್ಲಿ ಉಳಿದಿವೆ. ಅವುಗಳೊಳಗೆ ಹುಡುಕಲು ಆಗುವುದಿಲ್ಲ. ಪರಿವರ್ತಕ ತಂತ್ರಾಂಶ ಬಳಸಿ ಯೂನಿಕೋಡಿಗೆ ತಂದರೆ ಮಾತ್ರ ಅವು ಮತ್ತೆ ಓದಿಗೆ ಸಿಗುತ್ತವೆ.

ಅಕ್ಷರ ಬಿಡಿಸುವ ನಿಯಮ

ಈಗ ಪ್ರೋಗ್ರಾಮಿಗೆ ಬರೋಣ. ನಮಗೆ ಬೇಕಿರುವುದು ಕೋಡ್‌ಪಾಯಿಂಟುಗಳ ಸಾಲನ್ನು ಅಕ್ಷರಗಳಾಗಿ ಕಟ್ಟು ಕಟ್ಟುವ ಒಂದು ಫಂಕ್ಷನ್. ಹೈಸ್ಕೂಲ್ ವ್ಯಾಕರಣದಲ್ಲಿ ಸ್ವರ, ವ್ಯಂಜನ, ಯೋಗವಾಹ ಎಂದು ಮೂರು ವಿಭಾಗ ಓದಿದ್ದು ನೆನಪಿದೆಯಲ್ಲ? ಪರೀಕ್ಷೆಗೆಂದು ಉರು ಹೊಡೆದದ್ದು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ಮೊದಲು ಗುಂಪುಗಳು:

ವ್ಯಂಜನ: 3221ರಿಂದ 3257. ಹಳಗನ್ನಡದ ಱ (3249) ಇದರೊಳಗೇ ಇದೆ. ೞ ಮಾತ್ರ ದೂರದಲ್ಲಿ, 3294ರಲ್ಲಿದೆ, ಅದನ್ನೂ ಸೇರಿಸಿಕೊಳ್ಳಿ.
ಗುಣಿತ ಚಿಹ್ನೆ: 3262ರಿಂದ 3276, ಜೊತೆಗೆ 3285 ಮತ್ತು 3286.
ಹಲಂತ: 3277.
ಯೋಗವಾಹ: ಅನುಸ್ವಾರ 3202, ವಿಸರ್ಗ 3203.

ಇನ್ನು ನಿಯಮ. ಒಂದು ಖಾಲಿ ಪಟ್ಟಿ ಇಟ್ಟುಕೊಳ್ಳಿ. ಪದದ ಕೋಡ್‌ಪಾಯಿಂಟುಗಳನ್ನು ಎಡದಿಂದ ಒಂದೊಂದಾಗಿ ತೆಗೆದುಕೊಳ್ಳಿ.

1. ಬಂದದ್ದು ಗುಣಿತ ಚಿಹ್ನೆ, ಹಲಂತ ಅಥವಾ ಯೋಗವಾಹ ಆಗಿದ್ದರೆ, ಪಟ್ಟಿಯ ಕೊನೆಯ ಅಕ್ಷರಕ್ಕೇ ಅಂಟಿಸಿ.
2. ಬಂದದ್ದು ವ್ಯಂಜನ, ಪಟ್ಟಿಯ ಕೊನೆಯ ಅಕ್ಷರ ಹಲಂತದಲ್ಲಿ ಮುಗಿದಿದೆ ಅಂದರೆ ಅದು ಒತ್ತು. ಅದನ್ನೂ ಕೊನೆಯ ಅಕ್ಷರಕ್ಕೇ ಅಂಟಿಸಿ.
3. ಉಳಿದ ಎಲ್ಲ ಸಂದರ್ಭದಲ್ಲೂ ಹೊಸ ಅಕ್ಷರ ಶುರು ಮಾಡಿ.

ಅಷ್ಟೇ. ಸ್ತ್ರೀ ಪದದ ಮೇಲೆ ಓಡಿಸಿ ನೋಡೋಣ. ಸ ಬಂತು, ಹೊಸ ಅಕ್ಷರ. ಹಲಂತ ಬಂತು, ಅಂಟಿಸು. ತ ಬಂತು, ಹಿಂದಿನದು ಹಲಂತದಲ್ಲಿ ಮುಗಿದಿದೆ, ಅಂಟಿಸು. ಮತ್ತೆ ಹಲಂತ, ಅಂಟಿಸು. ರ, ಅಂಟಿಸು. ಗುಡಿಸಿನ ದೀರ್ಘ, ಅಂಟಿಸು. ಕೊನೆಗೆ ಪಟ್ಟಿಯಲ್ಲಿ ಒಂದೇ ಅಕ್ಷರ.

ವಿಕಟಕವಿಯ ಮೇಲೆ ಓಡಿಸಿದರೆ ವಿ, ಕ, ಟ, ಕ, ವಿ ಎಂದು ಐದು ಅಕ್ಷರದ ಪಟ್ಟಿ ಸಿಗುತ್ತದೆ. ಈಗ ಪದವನ್ನು ಬಿಟ್ಟು ಈ ಪಟ್ಟಿಯನ್ನು ತಿರುಗಿಸಿ ಹೋಲಿಸಿ. ಉತ್ತರ: ಹೌದು. ಕುಟುಕು, ನವಜೀವನ ಎಲ್ಲಕ್ಕೂ ಹೌದು. ಲ್ಯಾಬ್ ಪ್ರೋಗ್ರಾಮಿನಲ್ಲಿ ಬೇರೇನೂ ಬದಲಿಸಬೇಕಾಗಿಲ್ಲ.

ರೆಡಿಮೇಡ್ ಲೈಬ್ರರಿ ಇಲ್ವಾ ಅಂತ ಕೇಳಬಹುದು. ಯೂನಿಕೋಡ್ 'ಗ್ರಾಫೀಮ್ ಕ್ಲಸ್ಟರ್' ಎಂಬ ನಿಯಮಗಳನ್ನು ಕೊಟ್ಟಿದೆ, ಅವನ್ನು ಅನುಸರಿಸುವ ಲೈಬ್ರರಿಗಳೂ ಇವೆ. ಗುಣಿತಾಕ್ಷರವನ್ನು ಅವು ಸರಿಯಾಗಿ ಹಿಡಿಯುತ್ತವೆ. ಒತ್ತಕ್ಷರವನ್ನು ಒಂದು ಎಂದು ನೋಡುತ್ತವೋ ಎರಡು ಎಂದು ತುಂಡು ಮಾಡುತ್ತವೋ ಅನ್ನುವುದು ಲೈಬ್ರರಿ, ಆವೃತ್ತಿಗಳ ಮೇಲೆ ಹೋಗುತ್ತದೆ. ಸ್ತ್ರೀ ಕೊಟ್ಟು ಒಂದು ಬಂತಾ ನೋಡಿ, ಆಮೇಲೆ ನಂಬಿ.

ಕಣ್ಣಿಗೆ ಕಾಣದ ಎರಡು

ರಾಜ್‌ಕುಮಾರ್ ಎಂದು ಬರೆಯುವಾಗ ಒಂದು ತೊಂದರೆ ಇದೆ. ಜಕ್ಕೆ ಹಲಂತ ಕೊಟ್ಟು ಕು ಬರೆದರೆ ಫಾಂಟು ತನ್ನ ನಿಯಮದಂತೆ ಒತ್ತು ಮಾಡಿ 'ರಾಜ್ಕುಮಾರ್' ಎಂದು ತೋರಿಸುತ್ತದೆ. ಅಣ್ಣಾವ್ರ ಹೆಸರನ್ನು ಹಾಗೆ ಬರೆದರೆ ಯಾರಿಗೆ ಸಮಾಧಾನ? ಹಲಂತದ ಮುಂದೆ 8204 ಎಂಬ ಕಾಣದ ಸಂಕೇತ ಇಟ್ಟರೆ ಜೋಡಣೆ ಅಲ್ಲಿಗೆ ನಿಲ್ಲುತ್ತದೆ. ಇದನ್ನು ಝೆಡ್‌ಡಬ್ಲ್ಯುಎನ್‌ಜೆ ಅಂತಾರೆ, ಜೋಡಿಸಬೇಡ ಎಂದು ಹೇಳುವ ಸಂಕೇತ. ಸಾಫ್ಟ್‌ವೇರ್, ಫೇಸ್‌ಬುಕ್, ಬಸ್‌ಸ್ಟ್ಯಾಂಡ್, ಹೀಗೆ ನಾವು ದಿನಾ ಬಳಸುವ ಎಷ್ಟೋ ಪದಗಳಲ್ಲಿ ಇದು ಬೇಕು.

ಇದರ ತಮ್ಮ 8205, ಝೆಡ್‌ಡಬ್ಲ್ಯುಜೆ. ರ, ಹಲಂತ, ಯ ಎಂದು ಬರೆದರೆ ಅರ್ಕಾವೊತ್ತು ಬಂದು 'ಸೂರ್ಯ' ಎಂದಾಗುತ್ತದೆ. ರ ಮತ್ತು ಹಲಂತದ ನಡುವೆ 8205 ಇಟ್ಟರೆ ರ ಪೂರ್ತಿಯಾಗಿ ಉಳಿದು ಕೆಳಗೆ ಯ ಒತ್ತು ಬಂದು 'ಸೂರ‍್ಯ' ಎಂದಾಗುತ್ತದೆ. ಎರಡು ಬರಹವೂ ಸರಿ, ಉಚ್ಚಾರಣೆಯೂ ಒಂದೇ.

ನಮ್ಮ ನಿಯಮಕ್ಕೆ ಒಂದೇ ಸಾಲು ಸೇರಿಸಿ: 8204 ಅಥವಾ 8205 ಬಂದರೆ ಕೊನೆಯ ಅಕ್ಷರಕ್ಕೆ ಅಂಟಿಸಿ. 8204 ಅಂಟಿದ ಮೇಲೆ ಅಕ್ಷರ ಹಲಂತದಲ್ಲಿ ಮುಗಿಯುವುದಿಲ್ಲ, ಆದ್ದರಿಂದ ಮುಂದಿನ ವ್ಯಂಜನ ತಾನಾಗಿಯೇ ಹೊಸ ಅಕ್ಷರವಾಗುತ್ತದೆ. ರಾಜ್‌ಕುಮಾರ್ ಈಗ ರಾ, ಜ್‌, ಕು, ಮಾ, ರ್ ಎಂದು ಸರಿಯಾಗಿ ಬಿಡುತ್ತದೆ.

ಆದರೆ ಹುಡುಕುವಾಗ ಎಚ್ಚರ. ಒಬ್ಬರು 8204 ಹಾಕಿ 'ಸಾಫ್ಟ್‌ವೇರ್' ಎಂದು ಬರೆದಿದ್ದಾರೆ, ಇನ್ನೊಬ್ಬರು ಹಾಕದೆ 'ಸಾಫ್ಟ್ವೇರ್' ಎಂದು ಹುಡುಕುತ್ತಿದ್ದಾರೆ. ಯಂತ್ರಕ್ಕೆ ಎರಡೂ ಬೇರೆ ಪದ. ಹುಡುಕುವ ಮೊದಲು ಎರಡೂ ಕಡೆಯಿಂದ ಈ ಸಂಕೇತಗಳನ್ನು ತೆಗೆದು ಹೋಲಿಸಬೇಕು. ಸಾರ್ಟ್ ಮಾಡುವಾಗಲೂ ಹಾಗೆಯೇ. ಇಲ್ಲದಿದ್ದರೆ 8204 ದೊಡ್ಡ ಸಂಖ್ಯೆಯಾದ್ದರಿಂದ ರಾಜ್‌ಕುಮಾರ್ ಎಂಬ ಹೆಸರು ಪಟ್ಟಿಯಲ್ಲಿ ಎಲ್ಲೋ ಕೆಳಗೆ ಹೋಗಿ ಕೂರುತ್ತದೆ.

ರೂಪ ಒಂದೇ, ಸಂಖ್ಯೆ ಬೇರೆ

ಅನುಸ್ವಾರ (ಂ) ಮತ್ತು ಕನ್ನಡದ ಸೊನ್ನೆ (೦) ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಆದರೆ ಅನುಸ್ವಾರ 3202, ಸೊನ್ನೆ 3302. ಅನುಸ್ವಾರದ ಕೀ ಗೊತ್ತಿಲ್ಲದವರು ಸೊನ್ನೆ ಒತ್ತಿ ಮಂಗಳೂರು ಎಂದು ಬರೆದರೆ ಓದುವವರಿಗೆ ಏನೂ ವ್ಯತ್ಯಾಸ ಕಾಣಲ್ಲ, ಹುಡುಕಿದರೆ ಮಾತ್ರ ಮಂಗಳೂರು ಸಿಗಲ್ಲ.

ಕೋ ಎಂಬ ಅಕ್ಷರದ್ದು ಇನ್ನೊಂದು ಬಗೆ. ಕ ಮುಂದೆ 3275 ಎಂಬ ಒಂದೇ ಚಿಹ್ನೆ ಇರಬಹುದು. ಅಥವಾ 3270, 3266, 3285 ಎಂದು ಮೂರು ಬಿಡಿ ಚಿಹ್ನೆಗಳಿರಬಹುದು. ಪರದೆಯ ಮೇಲೆ ಎರಡೂ ಕೋ. ಇದಕ್ಕೆ ಪರಿಹಾರ ಯೂನಿಕೋಡ್ ಕೊಟ್ಟಿರುವ ನಾರ್ಮಲೈಸೇಷನ್. ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ರೆಡಿ ಫಂಕ್ಷನ್ ಇದೆ. ಎನ್‌ಎಫ್‌ಸಿ ಎಂಬ ರೂಪಕ್ಕೆ ತಂದರೆ ಮೂರೂ ಸೇರಿ 3275 ಆಗುತ್ತದೆ. ಬಳಕೆದಾರರು ಕೊಟ್ಟ ಯಾವ ಕನ್ನಡ ಪದವನ್ನಾದರೂ ಡೇಟಾಬೇಸಿಗೆ ಹಾಕುವ ಮೊದಲು ಇದನ್ನು ಮಾಡುವುದು ಒಳ್ಳೆ ಅಭ್ಯಾಸ.

ಇನ್ನು ಒಂದು ತಮಾಷೆ. ೞ ಅಕ್ಷರಕ್ಕೆ ಯೂನಿಕೋಡ್‌ನಲ್ಲಿರುವ ಅಧಿಕೃತ ಇಂಗ್ಲಿಷ್ ಹೆಸರು 'ಕನ್ನಡ ಲೆಟರ್ ಫ'. ಹೆಸರಿಡುವಾಗ ಆದ ತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದು ಎಂಬುದು ಯೂನಿಕೋಡಿನ ನಿಯಮ, ಹಾಗಾಗಿ ತಪ್ಪು ಎಂದು ಗೊತ್ತಿದ್ದೂ ಆ ಹೆಸರು ಹಾಗೆಯೇ ಉಳಿದಿದೆ. ಕನ್ನಡ ಬಲ್ಲವರು ಸರಿಯಾದ ಹೊತ್ತಿನಲ್ಲಿ ಆ ಪಟ್ಟಿಯನ್ನು ನೋಡಿದ್ದರೆ ಇದು ಆಗುತ್ತಿರಲಿಲ್ಲ.

ಚನ್ನಬಸಪ್ಪನ ಹೆಸರು

ಪ್ಯಾಲಿಂಡ್ರೋಮ್ ಆಟದ ವಿಷಯ ಅನ್ನಿಸಬಹುದು. ಹೆಸರು ಆಟ ಅಲ್ಲ.

ಚನ್ನಬಸಪ್ಪ ಎಂಬ ಹೆಸರು ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ 5 ಅಕ್ಷರ. 9 ಕೋಡ್‌ಪಾಯಿಂಟ್, 27 ಬೈಟ್. ಇಂಗ್ಲಿಷಿನಲ್ಲಿ ಸ್ಪೆಲ್ಲಿಂಗ್ ಬರೆದರೆ 13 ಅಕ್ಷರ, 13 ಬೈಟ್. ಯಾರೋ ಒಬ್ಬ ಡೆವಲಪರ್ ಅರ್ಜಿಯ ಹೆಸರಿನ ಜಾಗಕ್ಕೆ 20 ಬೈಟ್ ಸಾಕು ಎಂದು ಮಿತಿ ಇಟ್ಟ. ಇಂಗ್ಲಿಷಿನಲ್ಲಿ ಟೆಸ್ಟ್ ಮಾಡಿದ, ಪಾಸ್. ಕನ್ನಡದಲ್ಲಿ ತುಂಬಿದಾಗ 20 ಬೈಟಿಗೆ 6 ಕೋಡ್‌ಪಾಯಿಂಟ್ ಹಿಡಿಸಿ, ಮಿಕ್ಕ 2 ಬೈಟಿನಲ್ಲಿ ಅರ್ಧ ತುಂಡಾದ ಅಕ್ಷರ ಉಳಿಯಿತು. ಕಾರ್ಡಿನಲ್ಲಿ ಪ್ರಿಂಟ್ ಆದದ್ದು 'ಚನ್ನಬಸ', ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಮಿತಿ 8 ಕೋಡ್‌ಪಾಯಿಂಟ್ ಆಗಿದ್ದರೆ 'ಚನ್ನಬಸಪ್' ಎಂದಾಗುತ್ತಿತ್ತು. ಇದು ಕಾಗದದ ಮೇಲಿನ ಉದಾಹರಣೆ ಇರಬಹುದು, ಆದರೆ ಒತ್ತು ಹಾರಿಹೋದ ಹೆಸರು, ಗುಡಿಸು ಅಲುಗಾಡಿದ ಊರು, ಅಕ್ಷರದ ಜಾಗದಲ್ಲಿ ಬರೀ ಚೌಕ, ಇವನ್ನು ರಶೀದಿ, ಬೋರ್ಡುಗಳಲ್ಲಿ ಯಾರು ನೋಡಿಲ್ಲ? ದಾಖಲೆಯಿಂದ ದಾಖಲೆಗೆ ಹೆಸರು ಹೊಂದದಿದ್ದರೆ ಅಲೆದಾಡುವುದು ಆ ಹೆಸರಿನ ಮನುಷ್ಯ, ಪ್ರೋಗ್ರಾಂ ಬರೆದವನಲ್ಲ.

ಎಸ್‌ಎಂಎಸ್ಸಿನಲ್ಲೂ ಇದೇ ಲೆಕ್ಕ. ಒಂದು ಸಂದೇಶಕ್ಕೆ ಇರುವ ಜಾಗ 140 ಬೈಟ್. ಇಂಗ್ಲಿಷನ್ನು 7 ಬಿಟ್‌ನಲ್ಲಿ ಅಡಕಿಸಿದರೆ 160 ಅಕ್ಷರ ಹಿಡಿಯುತ್ತದೆ. ಕನ್ನಡಕ್ಕೆ ಸಾಮಾನ್ಯವಾಗಿ ಬಳಸುವ 16 ಬಿಟ್ ಸಂಕೇತದಲ್ಲಿ 70 ಕೋಡ್‌ಪಾಯಿಂಟ್ ಮಾತ್ರ. ಗುಣಿತ, ಒತ್ತು ಎಲ್ಲ ಅದರಲ್ಲೇ ಬರಬೇಕು. ಒಂದೇ ವಿಷಯಕ್ಕೆ ಎರಡು ಮೂರು ಸಂದೇಶದ ಖರ್ಚು ಬರುವುದು ಹೀಗೆ. ಈಗಿನ ಎಐ ಮಾದರಿಗಳಲ್ಲೂ ಇದರ ನೆರಳಿದೆ. ಅವು ಪಠ್ಯವನ್ನು ಟೋಕನ್ ಎಂಬ ತುಂಡುಗಳಾಗಿ ಒಡೆದುಕೊಂಡು ಓದುತ್ತವೆ. ಹೆಚ್ಚಾಗಿ ಇಂಗ್ಲಿಷ್ ಪಠ್ಯದಿಂದಲೇ ಕಲಿತ ಟೋಕನೈಸರ್, ಇಂಗ್ಲಿಷ್ ಪದವನ್ನು ಒಂದು ತುಂಡಾಗಿ ಇಟ್ಟು, ಕನ್ನಡ ಪದವನ್ನು ಬೈಟ್ ಮಟ್ಟಕ್ಕೆ ಪುಡಿ ಮಾಡಬಹುದು. ತುಂಡು ಹೆಚ್ಚಾದಷ್ಟೂ ಸಮಯ ಹೆಚ್ಚು, ಖರ್ಚು ಹೆಚ್ಚು.

ಒಗ್ಗದಿರುವುದು ಯಾವುದು?

ಇಷ್ಟೆಲ್ಲ ನೋಡಿದ ಮೇಲೆ ಮೊದಲಿನ ಮಾತಿಗೆ ಹಿಂತಿರುಗೋಣ: ಕನ್ನಡ ಕಂಪ್ಯೂಟರಿಗೆ ಒಗ್ಗಲ್ಲ. ನಿಜಕ್ಕೂ ಒಗ್ಗದೆ ಇದ್ದದ್ದು ಯಾವುದು? ಲಿಪಿಗೆ ನಿಯಮ ಇದೆ. ಆ ನಿಯಮ ಎಷ್ಟು ಖಚಿತ ಅಂದರೆ ಮೂರು ಸಾಲಿನಲ್ಲಿ ಪ್ರೋಗ್ರಾಂ ಬರೆಯಬಹುದು. 'ಒಂದು ಅಕ್ಷರ ಅಂದರೆ ಒಂದು ಬೈಟ್' ಎಂದು ಯಾರೂ ಕೇಳದೆ ಒಪ್ಪಿಕೊಂಡ ಊಹೆ ಮಾತ್ರ ಕನ್ನಡಕ್ಕೆ ಒಗ್ಗಲಿಲ್ಲ. ಅದು ಹಿಂದಿಗೂ ಒಗ್ಗಲ್ಲ, ತಮಿಳಿಗೂ ಒಗ್ಗಲ್ಲ.

ಇನ್ನೊಂದು ಮಾತು ನಮ್ಮಲ್ಲಿ ದಿನಾ ಕೇಳುತ್ತದೆ: ಕನ್ನಡ ಸಾಹಿತ್ಯಕ್ಕೆ, ಟೆಕ್ನಾಲಜಿಗೆ ಇಂಗ್ಲಿಷ್. ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಪಠ್ಯಪುಸ್ತಕ, ಇಂಟರ್‌ವ್ಯೂ ಎಲ್ಲ ಅದರಲ್ಲೇ. ಆದರೆ ಹೀಗೆ ಗೆರೆ ಎಳೆದಾಗ ಒಂದು ನಷ್ಟ ಆಗುತ್ತೆ. ಅರ್ಕಾವೊತ್ತು ಗೊತ್ತಿರುವ ಕನ್ನಡ ಮೇಷ್ಟ್ರಿಗೆ ಪ್ರೋಗ್ರಾಂ ಬರೆಯಲು ಬರಲ್ಲ. ಪ್ರೋಗ್ರಾಂ ಬರೆಯುವ ದೂರದ ಡೆವಲಪರಿಗೆ ಅರ್ಕಾವೊತ್ತು ಅಂದರೆ ಏನೆಂದು ಗೊತ್ತಿಲ್ಲ. ಎರಡೂ ಗೊತ್ತಿರುವವರು ಯಾರು? ಹತ್ತನೇ ಕ್ಲಾಸಿನವರೆಗೆ ಕನ್ನಡ ಓದಿ, ಈಗ ಡೇಟಾ ಸ್ಟ್ರಕ್ಚರ್ಸ್ ಓದುತ್ತಿರುವ ನಾವು. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳು ಬಂದದ್ದು ಇಂಥ ಆಸಕ್ತರಿಂದಲೇ. ಕೆ.ಪಿ. ರಾವ್ ಅವರ ಕೀಲಿಮಣೆ ಹುಟ್ಟಿದ್ದೂ ಭಾಷೆ, ಯಂತ್ರ ಎರಡನ್ನೂ ಬಲ್ಲ ತಲೆಯಲ್ಲಿ.

ನವೆಂಬರ್ ತಿಂಗಳಲ್ಲಿ ಬಾವುಟ ಹಾರಿಸೋಣ, ಶಲ್ಯ ಹಾಕೋಣ, ಹಾಡೋಣ. ಜೊತೆಗೆ ಈ ಸಲದ ಮಿನಿ ಪ್ರಾಜೆಕ್ಟಿನ ಟೆಸ್ಟ್ ಕೇಸುಗಳಲ್ಲಿ ಐದು ಕನ್ನಡ ಪದ ಸೇರಿಸೋಣ: ಗದಗ, ವಿಕಟಕವಿ, ಸ್ತ್ರೀ, ರಾಜ್‌ಕುಮಾರ್, ಚನ್ನಬಸಪ್ಪ. ಲಾಗಿನ್ ಪೇಜ್ ಇರಲಿ, ಹಾಸ್ಟೆಲ್ ಮೆಸ್ ಆ್ಯಪ್ ಇರಲಿ, ಈ ಐದೂ ಹೋಗಿ ಹಾಗೇ ಹಿಂತಿರುಗಿ ಬಂದರೆ ನಿಮ್ಮ ಪ್ರೋಗ್ರಾಂ ಕನ್ನಡಕ್ಕೆ ಒಗ್ಗಿದೆ ಎಂದು ಧೈರ್ಯವಾಗಿ ಹೇಳಬಹುದು.

ಅಭ್ಯಾಸ

1. 'ಸ್ವಾತಂತ್ರ್ಯ' ಪದದ ಮೂರು ಉದ್ದಗಳನ್ನು ಮೊದಲು ಕೈಯಲ್ಲೇ ಲೆಕ್ಕ ಹಾಕಿ, ಆಮೇಲೆ ಪ್ರೋಗ್ರಾಮಿನಲ್ಲಿ ನೋಡಿ. (ಉತ್ತರ: 33 ಬೈಟ್, 11 ಕೋಡ್‌ಪಾಯಿಂಟ್, 3 ಅಕ್ಷರ.)

2. ಮೇಲಿನ ನಿಯಮದಂತೆ ಅಕ್ಷರ ಬಿಡಿಸುವ ಫಂಕ್ಷನ್ ಬರೆಯಿರಿ. ಒಂದು ಕನ್ನಡ ಫೈಲು ಕೊಟ್ಟರೆ ಅದರಲ್ಲಿರುವ ಪ್ಯಾಲಿಂಡ್ರೋಮ್ ಪದಗಳನ್ನೆಲ್ಲ ಹುಡುಕುವಂತೆ ಮಾಡಿ.

3. ಕನ್ನಡ ಪದಗಳ ನಡುವೆ ತಪ್ಪಾಗಿ ಬಂದಿರುವ ಸೊನ್ನೆಯನ್ನು ಅನುಸ್ವಾರಕ್ಕೆ ಬದಲಿಸುವ ಪ್ರೋಗ್ರಾಂ ಬರೆಯಿರಿ. ೧೦೦ ಎಂಬಂಥ ನಿಜವಾದ ಸಂಖ್ಯೆಗಳು ಕೆಡಬಾರದು.

4. ಸ್ವಲ್ಪ ದೊಡ್ಡದು: ಮಾತ್ರೆ ಎಣಿಸುವ ಪ್ರೋಗ್ರಾಂ. ದೀರ್ಘ, ಅನುಸ್ವಾರ ಅಥವಾ ವಿಸರ್ಗ ಇರುವುದು, ಒತ್ತಕ್ಷರದ ಹಿಂದಿನದು, ಮುಂದೆ ಬರೀ ವ್ಯಂಜನ ಇರುವುದು ಗುರು, 2 ಮಾತ್ರೆ. ಉಳಿದದ್ದು ಲಘು, 1 ಮಾತ್ರೆ. ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳಲ್ಲಿ 14, 3 ಮತ್ತು 6ನೇ ಸಾಲುಗಳಲ್ಲಿ 23 ಮಾತ್ರೆ ಬರಬೇಕು. ಯಾವುದಾದರೂ ಷಟ್ಪದಿ ಕೊಟ್ಟು ಪರೀಕ್ಷಿಸಿ. ಲೆಕ್ಕ ತಪ್ಪಿದರೆ ಕವಿಯನ್ನು ಅನುಮಾನಿಸುವ ಮೊದಲು ನಿಮ್ಮ ಕೋಡನ್ನು ನೋಡಿ!